ಯಾವ ಆಸನಕ್ಕೆ ಗುಳ್ಳೆ ಕರಗುತ್ತೆ?

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ಪಾಂಡವಪುರದ ಕಡೆಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಮೈಸೂರು ಕುವೆಂಪುನಗರದ ನನ್ನ ಯೋಗ ತರಗತಿಗೆ ಬಂದರು. ಹುಡುಗಿಗೆ 19 ವರ್ಷ. ನಾಲ್ಕು ತಿಂಗಳಿಂದ ಮುಟ್ಟಾಗಿರಲಿಲ್ಲ. ಸ್ಕ್ಯಾನಿಂಗ್ ವರದಿ ಮುಂದಿಟ್ಟು ತಾಯಿ ಕೇಳಿದರು, "ಪಿಸಿಓಡಿ ಅಂತೆ ಮೇಡಂ, ಅಂಡಾಶಯದಲ್ಲಿ ನೀರುಗುಳ್ಳೆಗಳಂತೆ. ಯಾವ ಆಸನ ಮಾಡಿದ್ರೆ ಈ ನೀರುಗುಳ್ಳೆ ಕರಗುತ್ತೆ?" ಹುಡುಗಿ ತಲೆ ಎತ್ತಲಿಲ್ಲ. ಅವಳ ಕತ್ತಿನ ಹಿಂದೆ ಕಪ್ಪು ಪಟ್ಟೆ. ನಿಂಬೆಹಣ್ಣು, ಕಡಲೆಹಿಟ್ಟು ಹಚ್ಚಿ ಉಜ್ಜಿ ಉಜ್ಜಿ ಚರ್ಮ ತರಚಿ ಹೋಗಿತ್ತು.

ಅಮ್ಮ, ಅದು ಕೊಳೆಯಲ್ಲ ಅಂದೆ. ಇನ್ಸುಲಿನ್ ಮಾತನ್ನು ದೇಹ ಸರಿಯಾಗಿ ಕೇಳದಿದ್ದಾಗ ರಕ್ತದಲ್ಲಿ ಅದು ಏರುತ್ತದೆ. ಕತ್ತು, ಕಂಕುಳು ಕಪ್ಪಾಗುವುದು ಅದರಿಂದಲೇ. ಏರಿದ ಇನ್ಸುಲಿನ್ ಅಂಡಾಶಯದಲ್ಲಿ ಗಂಡು ಹಾರ್ಮೋನು ಹೆಚ್ಚಿಸುತ್ತದೆ. ಅಂಡ ಬಲಿತು ಹೊರಬರುವುದಿಲ್ಲ, ಮುಟ್ಟು ಮುಂದೆ ಹೋಗುತ್ತದೆ, ಮೊಡವೆ ಏಳುತ್ತದೆ, ಗಲ್ಲದ ಮೇಲೆ ಕೂದಲು ಬರುತ್ತದೆ. ನೀರುಗುಳ್ಳೆ ಅನ್ನುವುದು ಗೆಡ್ಡೆಯಲ್ಲ, ಅಂಡವನ್ನು ಹೊತ್ತು ಅರ್ಧಕ್ಕೇ ನಿಂತ ಪುಟ್ಟ ಚೀಲ. ಅದನ್ನು ಕರಗಿಸುವ ಆಸನ ಯಾವುದೂ ಇಲ್ಲ.

ಹಾಗಾದರೆ ಯೋಗ ಯಾಕೆ? ಸ್ನಾಯು ದುಡಿದಾಗ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಇನ್ಸುಲಿನ್ ಹೊರೆ ಇಳಿಯುತ್ತದೆ. ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರು ಇದೇ ತೊಂದರೆಯಿದ್ದ 15ರಿಂದ 18 ವರ್ಷದ 90 ಹುಡುಗಿಯರಲ್ಲಿ ಅರ್ಧ ಜನಕ್ಕೆ ಯೋಗ, ಉಳಿದವರಿಗೆ ಬೇರೆ ವ್ಯಾಯಾಮ ಕೊಟ್ಟು ನೋಡಿದರು. ದಿನಕ್ಕೊಂದು ಗಂಟೆ, 12 ವಾರ. ಯೋಗ ಮಾಡಿದವರಲ್ಲಿ ಗಂಡು ಹಾರ್ಮೋನು ಹೆಚ್ಚು ಇಳಿಯಿತು. ತೂಕದಲ್ಲಿ ಮಾತ್ರ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ದಿನಾ ಮಗಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಬೈಯುವ ತಾಯಂದಿರು ದಯವಿಟ್ಟು ಇದನ್ನು ಕೇಳಿಸಿಕೊಳ್ಳಬೇಕು.

ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1930ರ ದಶಕದಲ್ಲಿ ಯೋಗಗುರು ಕೃಷ್ಣಮಾಚಾರ್ಯರು ಹುಡುಗರಿಗೆ ಕಲಿಸಿದ ಬಿರುಸಿನ ಆಸನಗಳಿಂದ ನಮ್ಮೂರಿಗೆ ಹೆಸರು ಬಂತು. ಈ ಹುಡುಗಿಗೆ ಆ ಬಿರುಸು ಬೇಕಿರಲಿಲ್ಲ. ನಾಲ್ಕು ಸೂರ್ಯನಮಸ್ಕಾರದಿಂದ ಶುರುಮಾಡಿ ನಿಧಾನಕ್ಕೆ ಹನ್ನೆರಡಕ್ಕೆ ಬಂದೆವು. ಭುಜಂಗಾಸನ, ಸೇತುಬಂಧ, ಚಿಟ್ಟೆಯಂತೆ ಕೂರುವ ಬದ್ಧಕೋಣಾಸನ, ಆಮೇಲೆ ಒಂದೊಂದೇ ಮೂಗಿನ ಹೊಳ್ಳೆಯಲ್ಲಿ ಉಸಿರಾಡುವ ನಾಡಿಶುದ್ಧಿ. ಅವಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಶವಾಸನ. ಮೊದಲ ದಿನ ಗಲ್ಲದ ಕೂದಲು ಕಾಣದಿರಲೆಂದು ಮುಖಕ್ಕೆ ದುಪ್ಪಟ್ಟ ಹೊದ್ದು ಮಲಗಿದಳು. ತೆಗೆ ಅನ್ನಲಿಲ್ಲ. ಮೂರನೇ ವಾರ ತಾನೇ ತೆಗೆದಿಟ್ಟಳು.

ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಮೂರು ತಿಂಗಳು ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪಗಾಗಬಹುದು, ಆಗ ಯೋಗವೊಂದನ್ನೇ ನಂಬಿ ಕೂರದೆ ತೋರಿಸಿಕೊಳ್ಳಿ. ಇವಳೂ ಮಾತ್ರೆ, ಆಸನ ಎರಡನ್ನೂ ಬಿಟ್ಟಿಲ್ಲ. ಕತ್ತಿನ ಕಪ್ಪು ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಹೋದ ವಾರ ಕೂದಲನ್ನು ಮೇಲೆತ್ತಿ ಜುಟ್ಟು ಕಟ್ಟಿಕೊಂಡು ಬಂದಿದ್ದಳು.

ನಮಸ್ಕಾರ.