ಆ ಶಿಲ್ಕು ಯಾರದ್ದು?

ನಮಸ್ಕಾರ. ನಗರಸಭೆ ಬಜೆಟ್ ಮಂಡನೆಯಾದ ಮರುದಿನದ ಪೇಪರ್ ಯಾವತ್ತಾದರೂ ಗಮನಿಸಿದ್ದೀರಾ? ಊರು ಯಾವುದೇ ಇರಲಿ, 'ಇಷ್ಟು ಲಕ್ಷದ ಉಳಿತಾಯ ಬಜೆಟ್' ಅನ್ನುವ ತಲೆಬರಹ ಕಾಣುತ್ತದೆ. ಓದಿ ನಮಗೂ ಖುಷಿ. ಹೀಗೆ ವರ್ಷದ ಕೊನೆಗೆ ಉಳಿದ ದುಡ್ಡಿಗೆ ಲೆಕ್ಕದಲ್ಲಿ ಶಿಲ್ಕು ಅನ್ನುತ್ತಾರೆ. ಆದರೆ ಆ ಉಳಿದದ್ದು ಯಾರ ದುಡ್ಡು?

ನಮ್ಮ ಮಡಿಕೇರಿ ಚಿಕ್ಕ ಊರು. 2011ರ ಜನಗಣತಿಯಲ್ಲಿ 33 ಸಾವಿರ ಚಿಲ್ಲರೆ ಜನ. ಇಂಥ ಊರುಗಳು ಅನುದಾನ ನಂಬಿಕೊಂಡೇ ಬದುಕುವುದು. ಅನುದಾನಕ್ಕೋ ನೂರೆಂಟು ಷರತ್ತು. 2021-26ರ ಅವಧಿಗೆ ಕೇಂದ್ರದ 15ನೇ ಹಣಕಾಸು ಆಯೋಗದಿಂದ ಬಂದ ದುಡ್ಡನ್ನೇ ನೋಡಿ. ಶೇ 60 ಭಾಗ ನೀರು, ಕಸ, ನೈರ್ಮಲ್ಯಕ್ಕೇ ಮೀಸಲಿತ್ತು. ಉಳಿದದ್ದನ್ನೂ ಸಂಬಳಕ್ಕೆ ಮುಟ್ಟುವ ಹಾಗಿರಲಿಲ್ಲ. ಇನ್ನು ಆಸ್ತಿ ತೆರಿಗೆ ಜೊತೆ ನಾವು ಕಟ್ಟುವ ಗ್ರಂಥಾಲಯ ಸೆಸ್? ಅದು ಗ್ರಂಥಾಲಯದವರದ್ದು.

ಟೆಂಡರ್ ತಡವಾಯಿತು, ಕೆಲಸ ನಿಂತಿತು ಅಂದುಕೊಳ್ಳಿ. ಖರ್ಚಾಗದ ಅನುದಾನ ಮಾರ್ಚ್ 31ಕ್ಕೆ ಲೆಕ್ಕದಲ್ಲಿ ಶಿಲ್ಕು ಅಂತಲೇ ಕೂರುತ್ತದೆ. ಪಕ್ಕದ ಮನೆಯವರ ಅಕ್ಕಿ ಮೂಟೆ ನಮ್ಮ ಅಟ್ಟದಲ್ಲಿದ್ದ ಮಾತ್ರಕ್ಕೆ ಅದು ನಮ್ಮ ಅಕ್ಕಿಯಾ?

ಹಾಗಾದರೆ ನಮ್ಮದು ಅನ್ನುವುದು ಏನಿದೆ? ಆಸ್ತಿ ತೆರಿಗೆ, ನೀರಿನ ಬಿಲ್, ಅಂಗಡಿ ಬಾಡಿಗೆ, ಲೈಸೆನ್ಸ್ ಫೀಸು. ಮೊದಲು ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ಸುಂಕ ಇತ್ತು, 1979ರಲ್ಲಿ ಅದೂ ಹೋಯಿತು. ವೀಕೆಂಡಿಗೆ ರಾಜಾಸೀಟ್ ಕಡೆ ಕಾರುಗಳ ಸಾಲು ನೋಡಿದರೆ ಊರು ಶ್ರೀಮಂತ ಅನ್ನಿಸುತ್ತದೆ, ಅಲ್ವಾ? ಆದರೆ ರೂಮಿನ ಬಿಲ್ಲಿನ ಜಿಎಸ್‌ಟಿ ಬೆಂಗಳೂರಿಗೆ, ದೆಹಲಿಗೆ. ಸೋಮವಾರ ಎತ್ತಬೇಕಾದ ಕಸ ಮಾತ್ರ ನಮಗೆ.

ತೋಟದ ಮನೆಯವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಕಾಫಿ ಮಾರಿದ ದುಡ್ಡು ಬರುವುದು ವರ್ಷಕ್ಕೊಮ್ಮೆ. ಅದರಲ್ಲೇ ಮಳೆಗಾಲದ ಕೂಲಿ, ರೇಷನ್ನು, ಮುರಿದ ಹೆಂಚು. ನಗರಸಭೆಗೂ ಹಾಗೇ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಅಂತ ನಾವು ತೆರಿಗೆ ಕಟ್ಟಲು ಓಡುತ್ತೇವೆ. ಅಂದರೆ ಮಳೆಗಿಂತ ಮೊದಲು ಕೈಯಲ್ಲಿ ಕಾಸು. ಆಗಲೇ ರೂಪಾಯಿಗೆ ಹತ್ತು ಪೈಸೆ ತೆಗೆದು ಮಳೆಗಾಲದ ತುರ್ತಿಗೆ ಅಂತ ಬೇರೆ ಖಾತೆಗೆ ಹಾಕಲಿ. ಕೌನ್ಸಿಲ್ ಠರಾವು ಇಲ್ಲದೆ ಯಾರೂ ಮುಟ್ಟಬಾರದು.

ಪರಿಹಾರ ಸರ್ಕಾರದಿಂದ ಬರುತ್ತದಲ್ಲ ಅನ್ನಬಹುದು. ಬರುತ್ತದೆ. ಆದರೆ 2018ರ ಆಗಸ್ಟ್‌ನ ಭೂಕುಸಿತ ನೋಡಿದವರು ನಾವು. ಗುಡ್ಡದ ಬರೆ ಜರಿದ ರಾತ್ರಿ ಜೆಸಿಬಿಗೆ ಡೀಸೆಲ್ ಬೇಕಾಗುವುದು ಆಗಲೇ. ಅನುದಾನದ ಆದೇಶ ಬರುವವರೆಗೆ ಮಣ್ಣು ಕಾಯುವುದಿಲ್ಲ.

ಹತ್ತು ಪೈಸೆ ಜಾಸ್ತಿ ಅನ್ನಿಸಿದರೆ ಐದು ಇರಲಿ, ಜಗಳವಿಲ್ಲ. ಮುಂದಿನ ಬಜೆಟ್ ಪೂರ್ವಭಾವಿ ಸಭೆಗೆ ಕರೆದಾಗ ಸುಮ್ನೆ ಹೋಗಿ. ಚಹಾ ಬರುವುದಕ್ಕೆ ಮೊದಲು ಒಂದೇ ಪ್ರಶ್ನೆ ಕೇಳಿ: ಈ ಶಿಲ್ಕಿನಲ್ಲಿ ಅನುದಾನ ಎಷ್ಟು, ನಮ್ಮದೆಷ್ಟು?