ಆಡದ ಆಟ ಯಾಕೆ ನೆನಪಾಗುತ್ತದೆ?

ನಮಸ್ಕಾರ. ಇವತ್ತಿನ ಪ್ರಶ್ನೆ ನನ್ನದಲ್ಲ. ಕಾಸರಗೋಡಿನ ನೀರ್ಚಾಲಿನ ಒಬ್ಬ ಹುಡುಗ ಕಳಿಸಿದ ವಾಯ್ಸ್ ಮೆಸೇಜ್. "ಅಣ್ಣಾ, ನಾನು ಹುಟ್ಟಿದ್ದು 2004ರಲ್ಲಿ. ಮೊಬೈಲಲ್ಲಿ ಫೈನಲ್ ಫ್ಯಾಂಟಸಿ ಆರು ಆಡ್ತಾ ಇದ್ದೇನೆ. ಅದು ಬಂದದ್ದು 1994ರಲ್ಲಿ. ಶುರುವಿನ ಸಂಗೀತ ಕೇಳುವಾಗಲೇ ಏನೋ ಕಳೆದುಕೊಂಡ ಹಾಗಾಗುತ್ತದೆ. ನನ್ನ ಹತ್ತಿರ ಇಲ್ಲದೇ ಇದ್ದದ್ದನ್ನು ನಾನು ಕಳೆದುಕೊಂಡದ್ದು ಹೇಗೆ?"

ಎಂತ ಪ್ರಶ್ನೆ ಮಾರಾಯ! ನನ್ನ ನಿದ್ದೆ ಕೆಡಿಸಿದ.

(ಪರದೆಯಲ್ಲಿ: ಹಿಮದ ಬಯಲಿನಲ್ಲಿ ನಡೆದು ಹೋಗುವ ಮೂರು ಯಂತ್ರಗಳು. ಹತ್ತು ಸೆಕೆಂಡ್ ಸಂಗೀತ ಮಾತ್ರ.)

ಗೊತ್ತಿಲ್ಲದವರಿಗೆ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುತ್ತೇನೆ. ಹುಡುಗ ಆಡುತ್ತಿರುವುದು ಜೆಆರ್‌ಪಿಜಿ ಜಾತಿಯ ಆಟ, ಅಂದರೆ ಜಪಾನಿ ಶೈಲಿಯ ರೋಲ್ ಪ್ಲೇಯಿಂಗ್ ಆಟ. ಮೂರು ನಾಲ್ಕು ಜನರ ತಂಡ. ಊರಿಂದ ಊರಿಗೆ ತಿರುಗಾಟ. ಕಾಳಗ ಬಂದರೆ ಸರದಿಯ ಪ್ರಕಾರ ಏಟು, ನೀವೊಮ್ಮೆ, ಅವನೊಮ್ಮೆ. 1986ರಲ್ಲಿ ಡ್ರ್ಯಾಗನ್ ಕ್ವೆಸ್ಟ್ ಬಂತು, 1987ರಲ್ಲಿ ಫೈನಲ್ ಫ್ಯಾಂಟಸಿ. ಆಮೇಲೆ ಬಂದವರೆಲ್ಲ ಹೆಚ್ಚುಕಡಿಮೆ ಇವೆರಡರ ಹಿಂದೆ ನಡೆದರು. ಕಥೆ ಉದ್ದ. ಓದುವುದು ಜಾಸ್ತಿ, ಗುಂಡು ಹಾರಿಸುವುದು ಕಡಿಮೆ. ಸಾಕು, ಮುಂದೆ ಹೋಗುವ.

ಈ ಪ್ರಶ್ನೆಗೆ ಎಲ್ಲರೂ ಕೊಡುವ ಉತ್ತರ ಒಂದುಂಟು. "ಹಳೆಯ ಚೌಕ ಚೌಕ ಚಿತ್ರ ನೋಡಿದರೆ ಬಾಲ್ಯ ನೆನಪಾಗುತ್ತದೆ." ಅಮೆರಿಕದವರಿಗೆ, ಜಪಾನಿನವರಿಗೆ ಇದು ಸರಿ ಇರಬಹುದು. ನಮ್ಮ ಕಾಸರಗೋಡಿನಲ್ಲಿ ಯಾರ ಬಾಲ್ಯ ಮಾರಾಯ್ರೆ ಇದು? 90ರ ದಶಕದಲ್ಲಿ ಇಲ್ಲಿ ವಿಡಿಯೋ ಗೇಮ್ ಅಂದರೆ ಗಲ್ಫಿನಿಂದ ಮಾವ ತಂದ ಡಬ್ಬಿ. ಕ್ಯಾಸೆಟ್ ಹಾಕಬೇಕು, ಹಿಡಿಯದಿದ್ದರೆ ಊದಬೇಕು. ಕ್ಯಾಸೆಟಿನ ಮೇಲೆ ಸಾವಿರಗಟ್ಟಲೆ ಆಟ ಅಂತ ಬರೆದಿರುತ್ತಿತ್ತು, ಒಳಗೆ ಅದದೇ ಏಳೆಂಟು. ಮರಿಯೋ, ಕಾಂಟ್ರಾ, ಬಾತುಕೋಳಿ ಬೇಟೆ. ಅದರಲ್ಲಿ ನಮ್ಮನ್ನು ಅಳಿಸಿದ ಆಟ ಒಂದೂ ಇರಲಿಲ್ಲ. ಅಡಾಪ್ಟರ್ ಸುಟ್ಟು ಹೋದಾಗ ಅತ್ತದ್ದು ಬೇರೆ.

ಮನೆಯಲ್ಲಿ ತುಳು, ಬಸ್ಸಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ ಅಂತ ಬೆಳೆದ ಮಕ್ಕಳ ಕೈಗೆ ಗಂಟೆಗಟ್ಟಲೆ ಇಂಗ್ಲಿಷ್ ಓದಿಸುವ ಆಟ ಯಾರು ಕೊಡುತ್ತಿದ್ದರು? ಹಾಗಾಗಿ ಆ ಹುಡುಗನ ಬೇಸರ ಅವನ ಬಾಲ್ಯದಿಂದ ಬಂದದ್ದಲ್ಲ. ನನಗೆ ಅನಿಸುವುದು ಇಷ್ಟು: ಆ ಬೇಸರವನ್ನು ಆಟವೇ ತಯಾರು ಮಾಡುತ್ತದೆ. ನಿಮ್ಮ ಹತ್ತಿರ ಏನೂ ಇಲ್ಲದಿದ್ದರೂ ಪರವಾಗಿಲ್ಲ. ಅದೇ ಕೊಡುತ್ತದೆ, ಅದೇ ಕಿತ್ತುಕೊಳ್ಳುತ್ತದೆ.

ಮೊದಲು ಶಬ್ದ. ಇದರ ಬಗ್ಗೆ ನನಗೆ ಸ್ವಲ್ಪ ಹುಚ್ಚು ಇದೆ, ಸಹಿಸಿಕೊಳ್ಳಿ.

ಫೈನಲ್ ಫ್ಯಾಂಟಸಿ ಆರು ಬಂದದ್ದು ಸೂಪರ್ ಫ್ಯಾಮಿಕಾಮ್ ಅನ್ನುವ ಆಟದ ಯಂತ್ರಕ್ಕೆ. ನಿಂಟೆಂಡೋ ಅದನ್ನು 1990ರಲ್ಲಿ ಜಪಾನಿನಲ್ಲಿ ಬಿಟ್ಟಿತು. ಒಳಗಿನ ಧ್ವನಿಯ ಚಿಪ್ ಮಾತ್ರ ಸೋನಿಯದ್ದು. ಅದರ ವಿನ್ಯಾಸ ಕೆನ್ ಕುಟರಾಗಿ ಅವರದ್ದು. ಹೌದು, ಮುಂದೆ ಪ್ಲೇಸ್ಟೇಷನ್ ಮಾಡಿ ಅದೇ ನಿಂಟೆಂಡೋಗೆ ನೀರು ಕುಡಿಸಿದರಲ್ಲ, ಅವರೇ.

ಆ ಚಿಪ್ಪಿಗೆ ಸಿಕ್ಕಿದ ಮೆಮೊರಿ 64 ಕೆಬಿ. ಒಮ್ಮೆಗೆ ಎಂಟು ಸ್ವರ ನುಡಿಸಬಹುದು. ಹಿಂದಿನ ಯಂತ್ರಗಳ ಹಾಗೆ ಬರೀ ಕೀ ಕೀ ಅಲ್ಲ, ನಿಜವಾದ ಕೊಳಲು, ನಿಜವಾದ ಪಿಟೀಲಿನ ಧ್ವನಿಯ ತುಣುಕುಗಳನ್ನೇ ಹಿಂಡಿ ಒಳಗೆ ತುಂಬಬೇಕು. ಪೂರ್ತಿ ಗುಣಮಟ್ಟದಲ್ಲಿ ತುಂಬಿದರೆ ಒಂದು ಸೆಕೆಂಡಿನ ಧ್ವನಿಗೆ ಸುಮಾರು 18 ಕೆಬಿ ಬೇಕು. ಲೆಕ್ಕ ಹಾಕಿ. 64 ಕೆಬಿಗೆ ಮೂರೂವರೆ ಸೆಕೆಂಡ್ ಚಿಲ್ಲರೆ. ಅಷ್ಟರಲ್ಲಿ ಇಡೀ ವಾದ್ಯವೃಂದ, ರಾಗದ ಸೂಚನೆ, ಕತ್ತಿಯ ಟಣ್ ಟಣ್, ಬಾಗಿಲಿನ ಸದ್ದು, ಎಲ್ಲ ಹಿಡಿಸಬೇಕು.

ಏನು ಮಾಡಿದರು? ಧ್ವನಿಯ ಗುಣಮಟ್ಟ ಇಳಿಸಿದರು. ಕೊಳಲಿನ ಒಂದು ಚೂರು ತೆಗೆದು ಅದನ್ನೇ ಮತ್ತೆ ಮತ್ತೆ ಸುತ್ತಿಸಿದರು. ಚಿಪ್ಪು ಕೂಡ ಸ್ವರವನ್ನು ಏರಿಸಿ ಇಳಿಸುವಾಗ ಅದರ ಚೂಪು ಅಂಚನ್ನು ಉಜ್ಜಿ ಮೆತ್ತಗೆ ಮಾಡುತ್ತದೆ. ಹಾಗಾಗಿ ಆ ಕೊಳಲು ಎದುರಿಗೆ ಕೂತು ನುಡಿಸಿದ ಹಾಗೆ ಕೇಳುವುದಿಲ್ಲ. ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳುತ್ತದೆ. ಅರ್ಧ ಬೇಸರ ಇಲ್ಲೇ ಹುಟ್ಟಿತು ಅಂತ ನನ್ನ ಲೆಕ್ಕ.

ಇನ್ನರ್ಧ ಇರುವುದು ಎಕೋದಲ್ಲಿ. ಈ ವಿಡಿಯೋ ನಾನು ಮಾಡುತ್ತಿರುವುದೇ ಇದಕ್ಕಾಗಿ.

ಆ ಚಿಪ್ಪಿನಲ್ಲಿ ಎಕೋ ಅನ್ನುವ ಸೌಕರ್ಯ ಒಂದುಂಟು. ಸ್ವರ ಹೋಗಿ ಗೋಡೆಗೆ ಬಡಿದು ವಾಪಸ್ ಬಂದ ಹಾಗೆ ಕೇಳಿಸುವುದು. ಆದರೆ ವಾಪಸ್ ಬರುವ ತನಕ ಆ ಸ್ವರವನ್ನು ಎಲ್ಲಾದರೂ ಇಟ್ಟುಕೊಳ್ಳಬೇಕಲ್ವಾ? ಎಲ್ಲಿ ಇಡುವುದು? ಅದೇ 64 ಕೆಬಿ ಒಳಗೆ. 16 ಮಿಲಿಸೆಕೆಂಡ್ ತಡಕ್ಕೆ 2 ಕೆಬಿ. ಇನ್ನೂ 16 ಬೇಕೇ? ಇನ್ನೂ 2 ಕೆಬಿ. ಗರಿಷ್ಠ 240 ಮಿಲಿಸೆಕೆಂಡ್, ಅಂದರೆ 30 ಕೆಬಿ. ಹತ್ತಿರ ಹತ್ತಿರ ಅರ್ಧ ಆಸ್ತಿ ಹೋಯಿತು. ಯಾವುದಕ್ಕೆ? ಖಾಲಿ ಜಾಗದ ಭಾವನೆಗೆ.

ನಮ್ಮ ಕಡೆ ಇದನ್ನು ವಿವರಿಸುವುದು ಸುಲಭ. ಬಾಯಾರು, ಶೇಣಿ ಕಡೆ ಅಡಿಕೆ ತೋಟಗಳಲ್ಲಿ ಸುರಂಗ ನೋಡಿದ್ದೀರಿ.

(ಪರದೆಯಲ್ಲಿ: ಗುಡ್ಡದ ಬುಡದಲ್ಲಿ ಸುರಂಗದ ಬಾಯಿ, ಒಳಗಿಂದ ಹರಿದು ಬರುವ ನೀರು.)

ಹೊರಗಿನ ಊರಿನವರಿಗೆ ಒಂದು ಮಾತು: ಇದು ರೈಲಿನ ಸುರಂಗ ಅಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿ. ಒಬ್ಬ ಮನುಷ್ಯ ಹೋಗುವಷ್ಟೇ ಅಗಲ. ಗುಡ್ಡದ ಒಳಗೆ ಒಸರುವ ನೀರು ತಾನಾಗಿ ಹೊರಗೆ ಹರಿದು ತೋಟದ ಕೆರೆಗೆ ಬೀಳುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ಅಗೆದವರು ಪಿಕ್ಕಾಸಿನಲ್ಲಿ ಕಡಿದು, ಕಡಿದ ಅಷ್ಟೂ ಮಣ್ಣನ್ನು ಹೊತ್ತು ಹೊರಗೆ ಹಾಕಿದ್ದಾರೆ. ಒಳಗೆ ಕಾಣುವುದು ಬರೀ ಖಾಲಿ. ಆದರೆ ಆ ಖಾಲಿ ಪುಕ್ಕಟೆ ಬಂದದ್ದಲ್ಲ. ಒಂದೊಂದು ಅಡಿಗೂ ಯಾರದೋ ಬೆನ್ನು ನೋವು ಉಂಟು.

ಬಾಯಿ ಹತ್ತಿರ ನಿಂತು "ಓಯ್" ಅಂದು ನೋಡಿ. ನಿಮ್ಮದೇ ಧ್ವನಿ ವಾಪಸ್ ಬರುತ್ತದೆ, ಆದರೆ ಮಂಕಾಗಿ. ಯಾರೋ ಹಿರಿಯರು ಒಳಗಿಂದ ಓಗೊಟ್ಟ ಹಾಗೆ. ಸೋನಿಯ ಚಿಪ್ಪಿನಲ್ಲಿ ಕೂಡ ಇದಕ್ಕೊಂದು ಏರ್ಪಾಡು ಉಂಟು. ಎಕೋ ಆಗಿ ಬರುವ ಧ್ವನಿ ಒಂದು ಫಿಲ್ಟರ್ ದಾಟಿ ಬರಬೇಕು. ಸಂಗೀತ ಮಾಡುವವರು ಬೇಕಿದ್ದರೆ ಪ್ರತಿ ಸಲ ವಾಪಸ್ ಬರುವಾಗಲೂ ಧ್ವನಿ ಇನ್ನಷ್ಟು ಮಂಕಾಗುವ ಹಾಗೆ ಮಾಡಬಹುದು. ಮುರಕಲ್ಲು ಮಾಡುವ ಕೆಲಸವೇ ಇದು.

ಈಗ ನೊಬುವೊ ಉಎಮಾಟ್ಸು ಅವರ ಜಾಗದಲ್ಲಿ ಕೂತು ನೋಡಿ. ಫೈನಲ್ ಫ್ಯಾಂಟಸಿ ಆರರ ಸಂಗೀತ ಅವರದ್ದು. ಕೈಯಲ್ಲಿ 64 ಕೆಬಿ. ಇನ್ನೊಂದು ವಾದ್ಯ ತುಂಬಬಹುದು, ಇಲ್ಲದಿದ್ದರೆ ಒಂದಷ್ಟು ಖಾಲಿ ಅಗೆಯಬಹುದು. ಎರಡೂ ಪೂರ್ತಿಯಾಗಿ ಸಿಗುವುದಿಲ್ಲ. ಕೊಳಲು ಒಂಟಿಯಾಗಿ ಕೇಳುವುದು ರಾಗದಿಂದ ಮಾತ್ರ ಅಲ್ಲ. ಅದರ ಸುತ್ತ ಜಾಗ ಬಿಡಿಸಲಿಕ್ಕೆ ಬೇರೆ ಏನನ್ನೋ ಹೊರಗೆ ಹಾಕಿದ್ದಾರೆ. ಇದು ಗೊತ್ತಾದ ದಿನ ನಾನು ಇಯರ್‌ಫೋನ್ ಹಾಕಿಕೊಂಡು ಊಟ ತಣ್ಣಗಾಗುವ ತನಕ ಕೇಳಿದ್ದೆ. ಮನೆಯಲ್ಲಿ ಬೈಗುಳ ಸಿಕ್ಕಿತು, ಅದು ನ್ಯಾಯವೇ.

ನಮ್ಮ ಎಡಿಟರ್ ಗಡಿಯಾರ ತೋರಿಸುತ್ತಿದ್ದಾನೆ. ಸರಿ, ಸುರಂಗದಿಂದ ಹೊರಗೆ ಬರುವ.

ಎರಡನೆಯದು, ವಾಪಸ್ ಹೋಗುವುದು. 1992ರ ಡ್ರ್ಯಾಗನ್ ಕ್ವೆಸ್ಟ್ ಐದು. ಯೂಜಿ ಹೋರಿಯವರ ಕಥೆ. ಇಲ್ಲಿ ಬಾಲ್ಯದ ನೆನಪಿಗೆ ನಿಮ್ಮ ಬಾಲ್ಯದ ಅಗತ್ಯವೇ ಇಲ್ಲ, ಆಟ ಶುರುವಾಗುವುದೇ ಬಾಲ್ಯದಿಂದ. ನೀವು ಚಿಕ್ಕ ಹುಡುಗ. ಅಪ್ಪನ ಹಿಂದೆ ನಡೆಯುತ್ತೀರಿ. ಏಟು ಬಿದ್ದರೆ ಅಪ್ಪ ಕಾಳಗದ ನಡುವೆಯೇ ಮದ್ದು ಮಾಡುತ್ತಾರೆ. ಒಂದು ಸಣ್ಣ ಹಳ್ಳಿ, ಒಂದು ಮನೆ. ಆಮೇಲೆ ನಿಮ್ಮ ಕಣ್ಣೆದುರೇ ಅಪ್ಪನನ್ನು ಕೊಲ್ಲುತ್ತಾರೆ. ನೀವು ಹತ್ತು ವರ್ಷ ಗುಲಾಮ. ತಪ್ಪಿಸಿಕೊಂಡು ಹಳ್ಳಿಗೆ ಹೋದರೆ ಹಳ್ಳಿ ಸುಟ್ಟು ಹಾಳಾಗಿದೆ.

ಇದಾದರೂ ಬೇರೆ ಕಥೆಗಳಲ್ಲಿ ಸಿಗಬಹುದು. ನನ್ನ ತಲೆ ತಿರುಗಿಸಿದ್ದು ಇದು: ಬಾಲ್ಯದ ಭಾಗದಲ್ಲಿ ಒಬ್ಬ ಅಪರಿಚಿತ ಯುವಕ ಹಳ್ಳಿಗೆ ಬಂದಿರುತ್ತಾನೆ. ನಿಮ್ಮ ಕೈಯಲ್ಲಿರುವ ಚಿನ್ನದ ಗುಂಡನ್ನು ಒಮ್ಮೆ ತೋರಿಸು ಅನ್ನುತ್ತಾನೆ. ನೋಡಿ ವಾಪಸ್ ಕೊಡುತ್ತಾನೆ. ಅಪ್ಪನನ್ನು ಚೆನ್ನಾಗಿ ನೋಡಿಕೋ ಅಂತ ಹೇಳುತ್ತಾನೆ. ನೀವು ಮರೆತುಬಿಡುತ್ತೀರಿ. ಎಷ್ಟೋ ಗಂಟೆ ಆಟ ಆಡಿದ ಮೇಲೆ, ದೊಡ್ಡವರಾಗಿ, ಒಂದು ಚಿತ್ರಪಟದ ಮೂಲಕ ನೀವು ಆ ಹಳೆಯ ಹಳ್ಳಿಗೆ ಹೋಗುತ್ತೀರಿ. ಎದುರಿಗೆ ಒಬ್ಬ ಚಿಕ್ಕ ಹುಡುಗ ನಿಂತಿದ್ದಾನೆ. ಆ ಯುವಕ ನೀವೇ. ಅಪ್ಪ ಮನೆಯೊಳಗೇ ಇದ್ದಾರೆ, ಹೋಗಿ ಮಾತಾಡಬಹುದು. ಆದರೆ ಮುಂದೆ ಆಗುವುದನ್ನು ತಪ್ಪಿಸಲಿಕ್ಕೆ ಆಗುವುದಿಲ್ಲ. ನೀವು ಹುಡುಗನಿಗೆ ಬೇರೊಂದು ಗುಂಡು ಕೊಟ್ಟು, ಚಿನ್ನದ್ದನ್ನು ತೆಗೆದುಕೊಂಡು ಬರಬೇಕು.

ನೋಡಿ, 2004ರಲ್ಲಿ ಹುಟ್ಟಿದವನಿಗೂ ಇಲ್ಲಿ ನೆನಪು ಇದೆ. ಆ ಹಳ್ಳಿಯಲ್ಲಿ ಅವನು ಆಡಿದ್ದಾನೆ. ಮೂರು ವಾರದ ಹಿಂದೆ ಆಡಿದ್ದಾದರೂ ನೆನಪು ನೆನಪೇ.

ಫೈನಲ್ ಫ್ಯಾಂಟಸಿ ಆರು ಇದನ್ನೇ ಇನ್ನೊಂದು ರೀತಿ ಮಾಡುತ್ತದೆ. ಕಥೆಯ ನಡುವೆ ಖಳನಾಯಕ ಗೆದ್ದೇ ಬಿಡುತ್ತಾನೆ. ಲೋಕ ಒಡೆದು ಹೋಗುತ್ತದೆ. ಒಂದು ವರ್ಷ ಕಳೆದ ಮೇಲೆ ಸೆಲಿಸ್ ಅನ್ನುವವಳು ಒಂದು ದ್ವೀಪದಲ್ಲಿ ಎಚ್ಚರಾಗುತ್ತಾಳೆ. ಜೊತೆಗೆ ಒಬ್ಬ ಮುದುಕ, ಕಾಯಿಲೆಯವನು. ಅವನಿಗೆ ಮೀನು ಹಿಡಿದು ತಿನ್ನಿಸಬೇಕು. ಚುರುಕಾಗಿ ಈಜುವ ಮೀನು ಒಳ್ಳೆಯದು, ನಿಧಾನದ್ದು ಕೆಟ್ಟದ್ದು. ಆಟ ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಸುಮ್ನೆ ಸಿಕ್ಕಿದ ಮೀನು ಕೊಟ್ಟರೆ ಅವನು ಸಾಯುತ್ತಾನೆ, ಕಥೆ ಹಾಗೆಯೇ ಮುಂದೆ ಹೋಗುತ್ತದೆ.

ಆಟದಲ್ಲಿ ಒಟ್ಟು 14 ಪಾತ್ರಧಾರಿಗಳು. ಈ ಒಡೆದ ಲೋಕದಲ್ಲಿ ಎಲ್ಲ ಚೆಲ್ಲಾಪಿಲ್ಲಿ. ಅವರನ್ನೆಲ್ಲ ಹುಡುಕಲೇಬೇಕು ಅಂತ ಇಲ್ಲ. ಮೂವರು ಸಿಕ್ಕಿ ಹಾರುವ ಹಡಗು ಕೈಗೆ ಬಂದರೆ ಸೀದಾ ಕೊನೆಯ ಕಾಳಗಕ್ಕೆ ಹೋಗಬಹುದು. ಯಾರೂ ತಡೆಯುವುದಿಲ್ಲ. ಉಳಿದವರನ್ನು ಹುಡುಕಿಕೊಂಡು ಹಾಳೂರುಗಳ ಮೇಲೆ ಹಾರುವುದು ನಿಮ್ಮ ಮನಸ್ಸಿನ ವಿಷಯ. ಹೋಗದೇ ಇರಲಿಕ್ಕೆ ಆಗುತ್ತದಾ? ನನಗಂತೂ ಆಗಲಿಲ್ಲ. ಕಡ್ಡಾಯ ಮಾಡಿದ್ದರೆ ಅದೊಂದು ಹೋಮ್‌ವರ್ಕ್ ಆಗುತ್ತಿತ್ತು, ಅಷ್ಟೇ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಒಟ್ಟಿಗೆ ಕಟ್ಟಿ ಕೊಡುತ್ತೇನೆ. ಕ್ರೋನೋ ಟ್ರಿಗರ್, 1995. ಇಲ್ಲಿ ನಾಯಕನೇ ನಡುವೆ ಸಾಯುತ್ತಾನೆ. ಅವನನ್ನು ವಾಪಸ್ ತರದೆಯೂ ಆಟ ಗೆಲ್ಲಬಹುದು, ಅಂದರೆ ಅದೇ ಹಳೆಯ ಉಪಾಯ. ಸಂಗೀತ ಯಾಸುನೋರಿ ಮಿತ್ಸುದಾ ಅವರದ್ದು. ಕೆಲಸ ಮಾಡಿ ಮಾಡಿ ಅವರಿಗೆ ಹೊಟ್ಟೆ ಹುಣ್ಣಾಗಿ, ಬಾಕಿ ಉಳಿದದ್ದನ್ನು ಉಎಮಾಟ್ಸು ತುಂಬಿಕೊಟ್ಟರು. ಮದರ್ ಮೂರು, 2006. ದುಡ್ಡು ಅಂದರೆ ಏನು ಅಂತ ಗೊತ್ತಿಲ್ಲದ ಒಂದು ಹಳ್ಳಿ. ಮೂರು ವರ್ಷ ಕಳೆದು ನೋಡಿದರೆ ಅಂಗಡಿ ಬಂದಿದೆ, ಜನ ಬದಲಾಗಿದ್ದಾರೆ. ನಿಂಟೆಂಡೋ ಅದನ್ನು ಜಪಾನಿನ ಹೊರಗೆ ಬಿಡಲೇ ಇಲ್ಲ, ಅಭಿಮಾನಿಗಳೇ ಕೂತು ಇಂಗ್ಲಿಷಿಗೆ ತಂದರು. ಇನ್ನು 2025ರ ಎಕ್ಸ್‌ಪೆಡಿಷನ್ 33. ಅದು ಜಪಾನಿನದ್ದೇ ಅಲ್ಲ, ಫ್ರಾನ್ಸಿನ ಮಾಂಪೆಲಿಯೆ ಊರಿನವರು ಮಾಡಿದ್ದು. ವರ್ಷಕ್ಕೊಮ್ಮೆ ಒಂದು ಸಂಖ್ಯೆ ಬರೆಯಲಾಗುತ್ತದೆ, ಆ ವಯಸ್ಸಿನವರು ಮಾಯವಾಗುತ್ತಾರೆ. ಹಳೆಯ ಜಪಾನಿ ಆಟಗಳನ್ನು ಆಡಿ ಬೆಳೆದವರ ಕೈಕೆಲಸ ಅಂತ ಗೊತ್ತಾಗುತ್ತದೆ. ಇದಕ್ಕೆ ಬೇರೆಯೇ ವಿಡಿಯೋ ಮಾಡಬೇಕು.

ಆಡಿ ನೋಡುವವರಿಗೆ ಎರಡು ಮಾತು. ಫೈನಲ್ ಫ್ಯಾಂಟಸಿ ಆರು ಮೊಬೈಲಿನಲ್ಲೇ ದುಡ್ಡು ಕೊಟ್ಟರೆ ಸಿಗುತ್ತದೆ. ಅದರಲ್ಲಿ ಸಂಗೀತವನ್ನು ಹೊಸದಾಗಿ ನುಡಿಸಿದ್ದಾರೆ, ಚೆನ್ನಾಗಿಯೂ ಇದೆ. ಆದರೆ ಪಿಎಸ್4 ಮತ್ತು ಸ್ವಿಚ್ ಅನ್ನುವ ಆಟದ ಯಂತ್ರಗಳ ಆವೃತ್ತಿಯ ಸೆಟ್ಟಿಂಗ್‌ನಲ್ಲಿ ಹಳೆಯ ಸಂಗೀತಕ್ಕೆ ಬದಲಾಯಿಸಬಹುದು. ಸ್ನೇಹಿತರ ಹತ್ತಿರ ಇದ್ದರೆ ಒಂದೇ ಊರಲ್ಲಿ ನಿಂತು ಎರಡನ್ನೂ ಕೇಳಿ. ಎಲ್ಲಿ ಜಾಗ ಖಾಲಿ ಇದೆ, ಎಲ್ಲಿ ತುಂಬಿದೆ ಅಂತ ಕಿವಿಗೇ ಗೊತ್ತಾಗುತ್ತದೆ.

ಡ್ರ್ಯಾಗನ್ ಕ್ವೆಸ್ಟ್ ಐದು ಕೂಡ ಮೊಬೈಲಿಗೆ ಇಂಗ್ಲಿಷಿನಲ್ಲಿ ಉಂಟು. ಅದರಲ್ಲಿ ನಡುವೆ ಮದುವೆ ಬರುತ್ತದೆ. ಚಿಕ್ಕಂದಿನ ಗೆಳತಿ ಬಿಯಾಂಕಾನೋ, ಶ್ರೀಮಂತರ ಮಗಳು ಫ್ಲೋರಾನೋ (ಇಂಗ್ಲಿಷಿನಲ್ಲಿ ಅವಳ ಹೆಸರು ನೆರಾ), ಅವಳ ಅಕ್ಕ ಡೆಬೊರಾನೋ ಅಂತ ನೀವೇ ಆರಿಸಬೇಕು. ಬಿಯಾಂಕಾ-ಫ್ಲೋರಾ ಜಗಳ 1992ರಿಂದ ನಡೆಯುತ್ತಲೇ ಇದೆ. ನಾನು ಬಿಯಾಂಕಾ ಪಕ್ಷ. ಫ್ಲೋರಾ ಪಕ್ಷದವರು ಕೆಳಗೆ ಬರೆಯಿರಿ. ಎಲ್ಲವನ್ನೂ ಓದುತ್ತೇನೆ, ಒಂದನ್ನೂ ಒಪ್ಪುವುದಿಲ್ಲ.