ಕ್ವಾರ್ಟರ್‌ಬ್ಯಾಕ್‌ಗೆ ಅಷ್ಟೊಂದು ಆತುರ ಯಾಕ್ರೀ?

ನಮಸ್ಕಾರ, ನಮಸ್ಕಾರ. ಗಣೇಶನ ಕಡುಬು ಇನ್ನೂ ಹೊಟ್ಟೇಲಿ ಅರಗಿಲ್ಲ, ಆಗಲೇ ಮೈಕ್ ಮುಂದೆ ಬಂದು ಕೂತಿದ್ದೀನಿ. ಇವತ್ತು ಎಪಿಸೋಡ್ ಮಾಡೋ ಯೋಚನೆನೇ ಇರಲಿಲ್ಲ. 2025ರ ಲೇಬರ್ ಡೇ ರಜಾ, ನ್ಯೂಜೆರ್ಸಿಯಲ್ಲಿ ಒಳ್ಳೆ ಬಿಸಿಲು, ಮಕ್ಕಳನ್ನ ಕರ್ಕೊಂಡು ಸಮುದ್ರದ ಕಡೆ ಹೋಗಿ ಬರೋಣ ಅಂತಿದ್ದೆ. ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಫೋನ್ ತೆಗೆದೆ ನೋಡಿ, ಫ್ಯಾಂಟಸಿ ಫುಟ್‌ಬಾಲಲ್ಲಿ ಕ್ವಾರ್ಟರ್‌ಬ್ಯಾಕ್‌ನ, ಅಂದ್ರೆ ಚೆಂಡು ಎಸೆದು ಆಟ ನಡೆಸೋನನ್ನ, ಬೇಗ ತಗೋಬೇಡಿ ಅಂತ ನಾನು ಹಾಕಿದ್ದ ವಿಡಿಯೋಗೆ ಒಂದು ಕಾಮೆಂಟ್. ಕಾಫಿ ಆರಿಹೋಯ್ತು, ನಾನು ಬಿಸಿಯಾದೆ.

ಓದ್ತೀನಿ ಕೇಳಿ. "ಸಾರ್, ಯಾರು ಜಾಸ್ತಿ ಪಾಯಿಂಟ್ ತಂದುಕೊಡ್ತಾರೋ ಅವರನ್ನ ಮೊದಲು ಎತ್ತಿದ್ರೆ ಆಯ್ತಲ್ಲ, ಇದಕ್ಕೆ ಇಷ್ಟುದ್ದ ವಿಡಿಯೋ ಬೇಕಾ? ನಾನಂತೂ ಮೊದಲ ರೌಂಡಲ್ಲೇ ಕ್ವಾರ್ಟರ್‌ಬ್ಯಾಕ್ ಜಾಶ್ ಅಲೆನ್‌ನ ಎತ್ತಿದೆ." ಕೊನೆಗೆ ನಗೋ ಮುಖ. ಒಂದಲ್ಲ, ಮೂರು.

ಮೊದಲ ರೌಂಡಲ್ಲಿ. ಒಬ್ಬನೇ ಕ್ವಾರ್ಟರ್‌ಬ್ಯಾಕ್ ಆಡಿಸೋ ಲೀಗಲ್ಲಿ. ಅಯ್ಯೋ ಪುಣ್ಯಾತ್ಮ.

ಬೆಂಗಳೂರಿಂದ ಕೇಳ್ತಿರೋ ನಮ್ಮ ಚಿಕ್ಕಪ್ಪನ ಮಕ್ಕಳಿಗೆ ಎರಡು ಮಾತು. ಇದು ಅಮೆರಿಕದ ಫುಟ್‌ಬಾಲು, ಅಂದ್ರೆ ಕಾಲಿಗಿಂತ ಕೈಯಲ್ಲೇ ಜಾಸ್ತಿ ಆಡೋ ಫುಟ್‌ಬಾಲು. ಆ ತಮಾಷೆ ಎಲ್ಲರೂ ಮಾಡಿ ಆಗಿದೆ, ನೀವು ಮತ್ತೆ ಮಾಡಬೇಡಿ. ಫ್ಯಾಂಟಸಿ ಲೀಗ್ ಅಂದ್ರೆ ಹನ್ನೆರಡು ಜನ ಸೇರಿ, ಸರದಿ ಪ್ರಕಾರ ನಿಜವಾದ ಆಟಗಾರರನ್ನ ಒಬ್ಬೊಬ್ಬರನ್ನಾಗಿ ಹಂಚಿಕೊಳ್ಳೋದು. ಅದೇ ಡ್ರಾಫ್ಟು. ಮೊದಲ ರೌಂಡಲ್ಲಿ ಕೊನೆಗೆ ಬಂದವನು ಎರಡನೇ ರೌಂಡಲ್ಲಿ ಮೊದಲು. ಭಾನುವಾರ ನಿಮ್ಮ ಆಟಗಾರ ಮೈದಾನದಲ್ಲಿ ಏನು ಮಾಡ್ತಾನೋ ಅದು ನಿಮ್ಮ ಲೆಕ್ಕಕ್ಕೆ. ಡ್ರೀಮ್ ಇಲೆವೆನ್ ತರ ಅಲ್ಲ ಇದು. ಅಲ್ಲಿ ಕೊಹ್ಲಿಯನ್ನ ನೀವೂ ಹಾಕ್ಕೋಬಹುದು, ನಾನೂ ಹಾಕ್ಕೋಬಹುದು, ಮೈಸೂರಲ್ಲಿರೋ ನಮ್ಮ ಭಾವನೂ ಹಾಕ್ಕೋಬಹುದು. ಇಲ್ಲಿ ಒಬ್ಬನನ್ನ ಒಬ್ಬರು ತಗೊಂಡ್ರೆ ಮಿಕ್ಕಿದ ಹನ್ನೊಂದು ಜನಕ್ಕೆ ಅವನಿಲ್ಲ. ಇದೊಂದು ತಲೇಲಿ ಇಟ್ಕೊಳ್ಳಿ, ನನ್ನ ಇಡೀ ವಾದ ನಿಂತಿರೋದು ಇದರ ಮೇಲೇ.

ಮದುವೆ ಮನೆ ಪಂಕ್ತೀಲಿ ಕೂತಿದ್ದೀರ ಅಂದ್ಕೊಳ್ಳಿ. ಅನ್ನ-ಸಾರು ಬಡಿಸೋನು ಎಷ್ಟು ಸಲ ಬರ್ತಾನೆ? ಬೇಡ ಬೇಡ ಅಂದ್ರೂ ಬರ್ತಾನೆ. ಎಲೆಗೆ ಅಡ್ಡ ಕೈ ಹಿಡಿದ್ರೆ ಬೆರಳ ಸಂದಿಯಲ್ಲಿ ಬಡಿಸ್ತಾನೆ. ಹೋಳಿಗೆಯವನು? ಒಂದೇ ಸಲ. ಆ ಕಡೆ ತಿರುಗಿ ಪಕ್ಕದವರ ಹತ್ರ ಮಾತಾಡ್ತಾ ಕೂತ್ರೆ ಅವನು ದಾಟಿ ಹೋಗಿರ್ತಾನೆ, ಆಮೇಲೆ ಕೂಗಿದ್ರೂ ತಿರುಗಿ ನೋಡಲ್ಲ. ಅನ್ನ ಇಲ್ದೆ ಊಟ ಆಗಲ್ಲ, ನಿಜ. ಹಾಗಂತ ಮೊದಲೇ ಅನ್ನದಲ್ಲಿ ಹೊಟ್ಟೆ ತುಂಬಿಸಿಕೊಂಡು ಹೋಳಿಗೆ ಬಂದಾಗ ಬೆಪ್ಪನ ಹಾಗೆ ನೋಡ್ತಾ ಕೂರೋದಾ? ಕ್ವಾರ್ಟರ್‌ಬ್ಯಾಕ್ ಅನ್ನ-ಸಾರು ಕಣ್ರೀ. ಅನ್ನ-ಸಾರು! ಮತ್ತೆ ಬರುತ್ತೆ!

ಎನ್‌ಎಫ್‌ಎಲ್‌ನಲ್ಲಿ, ಅಂದ್ರೆ ಇಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗಲ್ಲಿ, 32 ತಂಡ, ತಂಡಕ್ಕೊಬ್ಬ ಕ್ವಾರ್ಟರ್‌ಬ್ಯಾಕ್. ನಿಮ್ಮ ಲೀಗಿಗೆ ಬೇಕಾಗಿರೋದು ಹನ್ನೆರಡು. ಉಳಿದ ಇಪ್ಪತ್ತು ಜನ ಬಾಗಿಲಲ್ಲಿ ನಿಂತು ಕಾಯ್ತಿರ್ತಾರೆ. ರನ್ನಿಂಗ್ ಬ್ಯಾಕ್, ಅಂದ್ರೆ ಚೆಂಡು ಹಿಡ್ಕೊಂಡು ಓಡೋನು, ಅವನ ಲೆಕ್ಕ ಹಾಕಿ. ತಲೆಗೆ ಇಬ್ಬರು, ಅಂದ್ರೆ ಇಪ್ಪತ್ತನಾಲ್ಕು. ಓಡೋನನ್ನೋ ಚೆಂಡು ಹಿಡಿಯೋನನ್ನೋ ಇಷ್ಟ ಬಂದವನನ್ನ ಹಾಕೋ ಫ್ಲೆಕ್ಸ್ ಜಾಗಕ್ಕೆ ಇನ್ನಷ್ಟು. ಅದರ ಮೇಲೆ, ಎಷ್ಟೋ ತಂಡಗಳಲ್ಲಿ ಈಗ ಇಬ್ಬರು ಮೂರು ಜನ ಸೇರಿ ಚೆಂಡು ಹೊರ್ತಾರೆ. ಪೂರ್ತಿ ಭಾರ ಹೊರೋ ಗಂಡು ಸಿಗೋದೇ ಕಷ್ಟ. ಆಟಗಾರನ ಬೆಲೆ ಅವನು ಎಷ್ಟು ಪಾಯಿಂಟ್ ತಂದ ಅನ್ನೋದರಲ್ಲಿಲ್ಲ. ಅವನ ಜಾಗದಲ್ಲಿ ಬಿಟ್ಟಿಗೆ ಸಿಗ್ತಿದ್ದವನಿಗಿಂತ ಎಷ್ಟು ಜಾಸ್ತಿ ತಂದ ಅನ್ನೋದರಲ್ಲಿದೆ. ಇದೇನು ನನ್ನ ಸಂಶೋಧನೆ ಅಲ್ಲ, ತೊಂಬತ್ತರ ದಶಕದಿಂದ ಇಲ್ಲಿನವರು ಹೇಳಿ ಹೇಳಿ ಸುಸ್ತಾಗಿದ್ದಾರೆ. ಕನ್ನಡದಲ್ಲಿ ಬಾಯಿ ನೋಯಿಸ್ಕೊಳ್ತಿರೋನು ಮಾತ್ರ ನಾನೊಬ್ಬನೇ. ಅದಕ್ಕೇ ಸಬ್‌ಸ್ಕ್ರೈಬ್ ಮಾಡಿ ಅನ್ನೋದು. ಮಾಡಿದ್ರಾ? ನಾನು ಕಾಯ್ತೀನಿ. ಸರಿ.

ಈಗ ಆ ಮೂರು ನಗೋ ಮುಖಕ್ಕೆ ಉತ್ತರ. ಹೋದ ಸೀಸನ್, 2024. ಜಾಶ್ ಅಲೆನ್, ಆ ವರ್ಷದ ಎಂವಿಪಿ, ಅಂದ್ರೆ ಲೀಗಿನ ಅತ್ಯುತ್ತಮ ಆಟಗಾರ. ನಾನು ಕೈ ಮುಗೀತೀನಿ ಆ ಮನುಷ್ಯನಿಗೆ. 3,731 ಯಾರ್ಡ್ ಎಸೆದ, 28 ಟಚ್‌ಡೌನ್, ಅಂದ್ರೆ ಚೆಂಡನ್ನ ಕೊನೇ ಗೆರೆ ದಾಟಿಸಿದ್ದು, 6 ಇಂಟರ್‌ಸೆಪ್ಷನ್, ಅಂದ್ರೆ ಎಸೆದ ಚೆಂಡು ಎದುರಾಳಿ ಕೈಗೆ ಬಿದ್ದಿದ್ದು. ಓಡಿದ್ದು 531 ಯಾರ್ಡ್, 12 ಟಚ್‌ಡೌನ್. ಸಾಮಾನ್ಯ ಲೀಗಿನ ಲೆಕ್ಕ ಹಾಕೋಣ. ಎಸೆದ 25 ಯಾರ್ಡಿಗೆ ಒಂದು ಪಾಯಿಂಟ್, ಎಸೆದ ಟಚ್‌ಡೌನಿಗೆ ನಾಲ್ಕು, ಓಡಿದ 10 ಯಾರ್ಡಿಗೆ ಒಂದು, ಓಡಿದ ಟಚ್‌ಡೌನಿಗೆ ಆರು, ಇಂಟರ್‌ಸೆಪ್ಷನಿಗೆ ಎರಡು ಕಳೀರಿ. ಅಲ್ಲಿಗೆ 374. ಅವನೇ ಚೆಂಡು ಹಿಡಿದು ಹೊಡೆದ ಒಂದು ಟಚ್‌ಡೌನೂ ಇದೆ, ಸೇರಿಸಿ 381 ಅನ್ನಿ. ಚೆಂಡು ಕೈಜಾರಿಸೋ ಫಂಬಲ್ ಗಿಂಬಲ್ ಯಾರಿಗೂ ಲೆಕ್ಕ ಹಾಕ್ತಿಲ್ಲ.

ಈಗ ಬೇಕರ್ ಮೇಫೀಲ್ಡ್. ಟ್ಯಾಂಪಾ ತಂಡದ ಕ್ವಾರ್ಟರ್‌ಬ್ಯಾಕ್. ನಮ್ಮ ಲೀಗಲ್ಲಿ ಡ್ರಾಫ್ಟ್ ಮುಗಿಯೋ ಹೊತ್ತಿಗೆ, ಅರ್ಧ ಜನ ಲ್ಯಾಪ್‌ಟಾಪ್ ಮುಚ್ಚಿ ಚಿತ್ರಾನ್ನಕ್ಕೆ ಎದ್ದಿದ್ದಾಗ ಹೋದವನು. 4,500 ಯಾರ್ಡ್, 41 ಟಚ್‌ಡೌನ್, 16 ಇಂಟರ್‌ಸೆಪ್ಷನ್, ಓಟದಲ್ಲಿ 378 ಯಾರ್ಡ್, 3 ಟಚ್‌ಡೌನ್. ಅದೇ ಲೆಕ್ಕ, ಅದೇ ಪೆನ್ನು. 368.

381, 368. ವರ್ಷಕ್ಕೆಲ್ಲ ಹದಿಮೂರು ಪಾಯಿಂಟ್ ವ್ಯತ್ಯಾಸ. ವಾರಕ್ಕೆ ಒಂದು ಪಾಯಿಂಟೂ ಇಲ್ಲ. ಅಷ್ಟಕ್ಕೆ ಮೊದಲ ರೌಂಡು ಕೊಟ್ಟೆಯಲ್ಲಪ್ಪಾ!

ಹೋಳಿಗೆ ನೋಡೋಣ ಈಗ. ಸೇಕ್ವಾನ್ ಬಾರ್ಕ್ಲಿ, ಅದೇ 2024, ಈಗಲ್ಸ್ ತಂಡದ ರನ್ನಿಂಗ್ ಬ್ಯಾಕ್. 2,005 ಯಾರ್ಡ್ ಓಡಿದ, 13 ಟಚ್‌ಡೌನ್. ಬರೀ ಓಟದ ಲೆಕ್ಕವೇ 278. ಟೋನಿ ಪೊಲಾರ್ಡ್, ಟೆನೆಸೀ. ಕೆಟ್ಟ ಆಟಗಾರ ಅಲ್ಲ, ಸಾವಿರ ದಾಟಿದವನು, 1,079 ಯಾರ್ಡ್, 5 ಟಚ್‌ಡೌನ್. ಓಟದ ಲೆಕ್ಕ 138. ಇಬ್ಬರೂ ಆಡಿದ್ದು ಹದಿನಾರು ಪಂದ್ಯ. 140 ಪಾಯಿಂಟ್ ಅಂತರ, ಪಂದ್ಯಕ್ಕೆ ಒಂಬತ್ತರ ಹತ್ತಿರ. ಒಂದು ಕಡೆ ಒಂಬತ್ತು, ಇನ್ನೊಂದು ಕಡೆ ಒಂದಕ್ಕಿಂತ ಕಮ್ಮಿ. ಯಾವುದನ್ನ ಮೊದಲು ತಗೋಬೇಕು ಅಂತ ನಮ್ಮ ಅಜ್ಜೀನ ಕೇಳಿದ್ರೂ ಹೇಳ್ತಾರೆ. ಅವರು ಫುಟ್‌ಬಾಲ್ ನೋಡಿಲ್ಲ, ಸಂತೆಯಲ್ಲಿ ವ್ಯಾಪಾರ ಮಾಡಿದ್ದಾರೆ.

"ಆದ್ರೆ ಸಾರ್, ಲಮಾರ್ ಜಾಕ್ಸನ್?" ಬಂತು ನೋಡಿ. ಗೊತ್ತಿತ್ತು ನನಗೆ. ಹೌದು, ಲಮಾರ್ ಹೋದ ವರ್ಷ 4,172 ಯಾರ್ಡ್, 41 ಟಚ್‌ಡೌನ್, ಬರೀ ನಾಲ್ಕು ಇಂಟರ್‌ಸೆಪ್ಷನ್, ಮೇಲೆ ಓಟದಲ್ಲಿ 915 ಯಾರ್ಡ್, 4 ಟಚ್‌ಡೌನ್. ಲೆಕ್ಕ 438 ಆಗುತ್ತೆ. ದೊಡ್ಡ ಅಂತರ, ಒಪ್ಪಿದೆ. ಆದ್ರೆ ನೀನು ಎತ್ತಿದ್ದು ಅಲೆನ್‌ನ ಕಣಯ್ಯಾ! ಲಮಾರ್ ನಮ್ಮ ಲೀಗಲ್ಲಿ ಅಲೆನ್, ಜೇಲೆನ್ ಹರ್ಟ್ಸ್ ಇಬ್ಬರೂ ಹೋದಮೇಲೆ ಹೋದವನು. ಅಂದ್ರೆ ಅಲ್ಲೂ ಗೆದ್ದವನು ಯಾರು? ಕಾದವನು! ಇನ್ನೊಬ್ಬ ಮಹಾನುಭಾವ ಜ್ಯಾರೆಡ್ ಗಾಫ್ ಅನ್ನೋ ಕ್ವಾರ್ಟರ್‌ಬ್ಯಾಕ್‌ನ ಲೆಕ್ಕ ಕಳಿಸಿದ್ದಾನೆ, "ಗಾಫ್ 320ರ ಆಸುಪಾಸು, ಲಮಾರ್‌ಗೂ ಅವನಿಗೂ ವಾರಕ್ಕೆ ಏಳರಷ್ಟು ಅಂತರ, ಇದಕ್ಕೇನಂತೀರಿ" ಅಂತ. ಏನೂ ಅನ್ನಲ್ಲ. ಎಕ್ಸೆಲ್ ಚೆನ್ನಾಗಿ ಬರುತ್ತೆ ನಿಮಗೆ, ಸಂತೋಷ. ಮುಂದಿನದು.

"ಬೇಕರ್ ಹೀಗೆ ಆಡ್ತಾನೆ ಅಂತ ಆಗಸ್ಟಲ್ಲಿ ಯಾರಿಗೆ ಗೊತ್ತಿತ್ತು?" ಯಾರಿಗೂ ಇಲ್ಲ. ನನಗೂ ಇಲ್ಲ. ಅದೇ ನಾನೂ ಹೇಳ್ತಿರೋದು. ಗೊತ್ತಿಲ್ಲದಿದ್ದಕ್ಕೆ ಯಾಕಪ್ಪ ಅಷ್ಟೊಂದು ಬೆಲೆ ಕೊಡ್ತೀಯ? ಕೊನೇ ರೌಂಡಲ್ಲಿ ತಗೊಂಡವನು ಕೈ ಕೊಟ್ರೆ ಮಂಗಳವಾರ ಬಿಸಾಕಿ ಬುಧವಾರ ಇನ್ನೊಬ್ಬನ್ನ ತಗೋ. ಬೇಗ ತಗೊಂಡವನನ್ನ ಬಿಸಾಕೋಕೆ ಮನಸ್ಸು ಬರುತ್ತಾ? ಹೋದ ವರ್ಷ ಸಿ.ಜೆ. ಸ್ಟ್ರೌಡ್ ಅಂತ ಎಲ್ಲರೂ ಮುಗಿಬಿದ್ರು. ಹ್ಯೂಸ್ಟನ್ ತಂಡದ ಹುಡುಗ, 2023ರಲ್ಲಿ ಹೊಸಬನಾಗಿ ಬಂದು 4,108 ಯಾರ್ಡ್ ಎಸೆದಿದ್ದ. ಮಾರನೇ ವರ್ಷ ಇಪ್ಪತ್ತೇ ಟಚ್‌ಡೌನ್. ಆಂಥನಿ ರಿಚರ್ಡ್‌ಸನ್ ಇನ್ನೂ ಚೆಂದ. ಭವಿಷ್ಯದ ದೇವರು ಅಂತ ಹೊತ್ತು ಮೆರೆಸಿದ್ರು. ಒಂದು ಪಂದ್ಯದ ಮಧ್ಯೆ ಸುಸ್ತಾಯ್ತು ಅಂತ ಒಂದು ಆಟಕ್ಕೆ ಹೊರಗೆ ನಡೆದ, ಮುಂದಿನ ವಾರ ಬೆಂಚಲ್ಲಿ ಕೂತ. ಅವನನ್ನ ನಂಬಿದವರು? ಸೋಫಾದಲ್ಲಿ ತಲೆ ಮೇಲೆ ಕೈ ಹೊತ್ತು ಕೂತ್ರು.

ಇನ್ನೂ ಹಿಂದಕ್ಕೆ ಹೋಗೋಣ. 2018ರಲ್ಲಿ ಪ್ಯಾಟ್ರಿಕ್ ಮಹೋಮ್ಸ್ 50 ಟಚ್‌ಡೌನ್, 5,097 ಯಾರ್ಡ್. ಅವನನ್ನ ಆ ವರ್ಷ ತಡವಾಗಿ ತಗೊಂಡವರು ರಾಜರ ಹಾಗೆ ಮೆರೆದ್ರು. 2019ರಲ್ಲಿ ಅವನಿಗಾಗಿ ಎರಡನೇ ರೌಂಡು ಸುರಿದ ಒಬ್ಬ ಬುದ್ಧಿವಂತ ನನಗೆ ಚೆನ್ನಾಗಿ ಗೊತ್ತು, ಬೆಳಿಗ್ಗೆ ಕನ್ನಡೀಲಿ ನೋಡ್ತೀನಿ ಅವನನ್ನ. ಮಹೋಮ್ಸ್ ಮಂಡಿ ನೋವಲ್ಲಿ ಎರಡು ಪಂದ್ಯ ಹೊರಗೆ, ಎಸೆದಿದ್ದು ಒಟ್ಟು 26 ಟಚ್‌ಡೌನ್. ಅವನ ತಂಡ ಸೂಪರ್ ಬೌಲ್, ಅಂದ್ರೆ ಎನ್‌ಎಫ್‌ಎಲ್ ಫೈನಲ್ಲು, ಗೆದ್ದಿತು, ನನ್ನ ತಂಡ ಹಳ್ಳ ಹಿಡೀತು. ಅದೇ ವರ್ಷ ಲಮಾರ್ ಕೊನೆ ಕೊನೆಯ ರೌಂಡುಗಳಲ್ಲಿ ಸಿಕ್ಕಿದವನು 1,206 ಯಾರ್ಡ್ ಓಡಿ ಎಲ್ಲರ ಬಾಯಿ ಮುಚ್ಚಿಸಿದ. ಯಾರು ಗೆದ್ರು? ಹೇಳಿ, ಜೋರಾಗಿ ಹೇಳಿ. ಕಾದವರು!

ಒಂದೇ ಒಂದು ವಿನಾಯಿತಿ. ಓಡೋ ಕ್ವಾರ್ಟರ್‌ಬ್ಯಾಕ್. ಎಸೆದ್ರೆ ನಾಲ್ಕು, ಓಡಿದ್ರೆ ಆರು, ಅಷ್ಟೇ ಗುಟ್ಟು. ಜೇಲೆನ್ ಹರ್ಟ್ಸ್ ಹೋದ ವರ್ಷ 14 ಟಚ್‌ಡೌನ್ ಓಡಿ ಹೊಡೆದ. ಓಡಿ ಅಂದೆನಾ? ಸಂಜೆ ಆರು ಗಂಟೆಗೆ ಮೆಜೆಸ್ಟಿಕ್ಕಲ್ಲಿ ಬಸ್ ಹತ್ತಿಸೋ ಹಾಗೆ ಹಿಂದಿಂದ ಎಲ್ಲ ಸೇರಿ ತಳ್ತಾರೆ, ಇವನು ಗೆರೆ ದಾಟಿ ಬೀಳ್ತಾನೆ, ಆರು ಪಾಯಿಂಟ್. ಜಸ್ಟಿನ್ ಫೀಲ್ಡ್ಸ್ 2022ರಲ್ಲಿ ಚಿಕಾಗೋದಲ್ಲಿ ಎಸೆದಿದ್ದು ಬರೀ 2,242 ಯಾರ್ಡ್, ನೋಡೋಕೆ ಆಗ್ತಿರಲಿಲ್ಲ. ಓಡಿದ್ದು 1,143. ಫ್ಯಾಂಟಸಿಯಲ್ಲಿ ಬಂಗಾರ. ನಿಜವಾದ ಕೋಚ್ ಬೈದುಕೊಳ್ಳೋ ಆಟಗಾರ ನಿಮಗೆ ಅನ್ನ ಹಾಕ್ತಾನೆ. ಆದ್ರೆ ಅಂಥವನನ್ನೂ ಬೇಗ ತಗೋಬೇಡಿ ಅಂತೀನಿ. ಯಾಕೆ ಅಂದ್ರೆ... ಯಾಕೆ ಅಂದ್ರೆ ಹೇಳಿದೆನಲ್ಲ ಆಗಲೇ, ಅನ್ನ-ಸಾರು!

ಸೂಪರ್‌ಫ್ಲೆಕ್ಸ್ ಲೀಗಿನವರು, ಇಬ್ಬರು ಕ್ವಾರ್ಟರ್‌ಬ್ಯಾಕ್ ಆಡಿಸೋರು, ಕಾಮೆಂಟ್ ಹಾಕೋಕೆ ಮುಂಚೆ ಬೆರಳು ತಡೀರಿ. ನಿಮ್ಮಲ್ಲಿ ಇಪ್ಪತ್ತನಾಲ್ಕು ಬೇಕು, ಅಲ್ಲಿ ಅನ್ನವೇ ಖಾಲಿ ಆಗುತ್ತೆ. ನಿಮ್ದು ಮುಂದಿನ ಪಂಕ್ತಿ, ಹೊರಗೆ ಕೂತಿರಿ, ಕರೀತೀನಿ.

ಮಧ್ಯೆ ಒಂದು ಮಾತು. ನನ್ನ ಡ್ರಾಫ್ಟ್ ಪಟ್ಟಿ, ಹಾಳೆಯ ಎರಡೂ ಬದಿ ಕನ್ನಡದಲ್ಲಿ, ಐದು ಡಾಲರ್. ಲಿಂಕ್ ಕೆಳಗಿದೆ. ಹೋದ ವರ್ಷ ತಗೊಂಡವರಲ್ಲಿ ಒಬ್ಬರು ಲೀಗ್ ಗೆದ್ದು ನನಗೆ ಎರಡು ಕೆಜಿ ಮೈಸೂರು ಪಾಕ್ ಕಳಿಸಿದ್ರು. ಉಳಿದವರ ವಿಚಾರ ಈಗ ಬೇಡ.

ನೋಡಿ, ಕಾಯೋದು ಹೇಗೆ ಅಂತ ಕನ್ನಡದವರಿಗೆ ನಾನು ಹೇಳಿಕೊಡಬೇಕೇನ್ರೀ? ಹದಿನೆಂಟು ಸೀಸನ್ ಕಾದಿದ್ದೀವಿ ಆರ್‌ಸಿಬಿ ಕಪ್ಪಿಗೆ! 2008ರಿಂದ 2025! ಹದಿನೆಂಟು ಸೀಸನ್ ಕಾದ ಜನಕ್ಕೆ ಎಂಟು ರೌಂಡ್ ಕಾಯೋಕಾಗಲ್ವಾ? ನನಗಂತೂ ಇಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡ ಬೇರೆ ಗಂಟುಬಿದ್ದಿದೆ. ಅವರು ಕೊನೇ ಸಲ ಸೂಪರ್ ಬೌಲ್ ಆಡಿದ್ದು 1969ರ ಜನವರೀಲಿ. ಮನುಷ್ಯ ಆಗ ಚಂದ್ರನ ಮೇಲೂ ಇಳಿದಿರಲಿಲ್ಲ.

ಜೆಟ್ಸ್ ಅಂದಮೇಲೆ... ಬೇಡ. ಸರಿ, ಹೇಳೇಬಿಡ್ತೀನಿ, ಹೇಗೂ ನಮ್ಮ ಲೀಗಿನವರು ಕೆಳಗೆ ಬರೆದೇ ಬರೀತಾರೆ. 2023. ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಜೆಟ್ಸ್‌ಗೆ ಬಂದ. ಈ ಉಪದೇಶ ಮಾಡ್ತಿರೋ ದೊಡ್ಡ ಮನುಷ್ಯ ಅವನನ್ನ ಐದನೇ ರೌಂಡಲ್ಲಿ ಎತ್ತಿದ. ಪ್ರೀತಿ, ಏನು ಮಾಡೋದು. ಸೆಪ್ಟೆಂಬರ್ 11, ಸೋಮವಾರ ರಾತ್ರಿ, ಸ್ನೇಹಿತರನ್ನೆಲ್ಲ ಮನೆಗೆ ಕರೆದು ಬೋಂಡ ಕರಿಸಿದ್ದೆ. ಪಂದ್ಯ ಶುರುವಾಗಿ ಜೆಟ್ಸ್ ಚೆಂಡು ಆಡಿದ ನಾಲ್ಕನೇ ಸಲಕ್ಕೇ ಅವನ ಹಿಮ್ಮಡಿಯ ಸ್ನಾಯುರಜ್ಜು ಹರೀತು, ಸೀಸನ್ನೇ ಮುಗೀತು. ಬೋಂಡ ಇನ್ನೂ ಬಿಸಿ ಇತ್ತು. ಅದಕ್ಕೇ ಹೇಳ್ತಿರೋದು, ಅನುಭವದಿಂದ ಹೇಳ್ತಿದ್ದೀನಿ, ಬೇಗ ತಗೋಬೇಡಿ, ತಗೋಬೇಡಿ, ತಗೋಬೇಡಿ!

"ಫುಟ್‌ಬಾಲ್ ಆಡಿದ್ದೀರಾ ನೀವು?" ಅಂತ ಇನ್ನೊಬ್ಬರು ಕೇಳಿದ್ದಾರೆ. ಇಲ್ಲ. ಮಂಡ್ಯದಲ್ಲಿ ಕಬಡ್ಡಿ ಆಡಿದ್ದೀನಿ, ಮೊಣಕೈ ಮೇಲೆ ಗುರುತಿದೆ, ತೋರಿಸ್ಲಾ? ಅಲ್ಲೂ ಯಾರೂ ಕ್ವಾರ್ಟರ್‌ಬ್ಯಾಕ್‌ನ ಮೊದಲು ತಗೊಂಡಿರಲಿಲ್ಲ.

ನಮ್ಮ ಲೀಗಿನ ಡ್ರಾಫ್ಟ್ ಇವತ್ತು ರಾತ್ರಿ ಎಂಟಕ್ಕೆ. ನಾನು ಒಂಬತ್ತನೇ ರೌಂಡ್ ತನಕ ಕ್ವಾರ್ಟರ್‌ಬ್ಯಾಕ್ ಕಡೆ ತಲೆ ಎತ್ತಿ ನೋಡಲ್ಲ. ಇಲ್ಲಿ ಎಲ್ಲರೆದುರಿಗೆ ಹೇಳ್ತಿದ್ದೀನಿ. ಫೀಲ್ಡ್ಸ್ ಈ ವರ್ಷ, 2025ಕ್ಕೆ, ಜೆಟ್ಸ್‌ಗೆ ಬಂದಿದ್ದಾನೆ ಅನ್ನೋದು ನಿಜ. ಓಡ್ತಾನೆ ಅನ್ನೋದೂ ನಿಜ. ಹಸಿರು ಜರ್ಸಿ ಆಗಲೇ ತಂದು ಬೀರುವಿನಲ್ಲಿ ಇಟ್ಟಿದ್ದೀನಿ, ಅದೂ ನಿಜ. ಆದ್ರೂ ಒಂಬತ್ತು. ಹೋಗಲಿ, ಎಂಟು. ಎಂಟಕ್ಕೆ ನನ್ನ ಸರದಿ ತಡವಾಗಿ ಬರುತ್ತೆ, ಅಷ್ಟರಲ್ಲಿ ಆ ದಾವಣಗೆರೆಯವನು ಎತ್ತಿಬಿಡ್ತಾನೆ, ನನಗೆ ಉರಿಸೋಕೇ ಎತ್ತುತ್ತಾನೆ ಅವನು... ಏಳು ಅಂತ ಇಟ್ಕೊಳ್ಳಿ.

ನಗಬೇಡಿ. ಲೈಕ್ ಒತ್ತಿ.